7.5 ಕೆವಿಎ ಜನರೇಟರ್: ದೊಡ್ಡದನ್ನು ಕೊಳ್ಳಬೇಕೆ, ಲೋಡ್ ಹಂಚಿಕೊಂಡರೆ ಸಾಕೆ?

ಪ್ರಶ್ನೆ (ಜಯನಗರ ನಿವಾಸಿ):
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಅಂತಸ್ತಿನ ಮನೆ, ಬೆಸ್ಕಾಂ ಸಂಪರ್ಕ ತ್ರೀ ಫೇಸ್. ಮುಂಗಾರಿಗೆ ಮೊದಲಿನ ಗಾಳಿಮಳೆಯಲ್ಲಿ ಕೊಂಬೆ ಮುರಿದು ಬಿದ್ದರೆ ಗಂಟೆಗಟ್ಟಲೆ ಕರೆಂಟ್ ಬರುವುದಿಲ್ಲ. ತಾಯಿಯವರಿಗೆ ರಾತ್ರಿಯೆಲ್ಲ ಆಕ್ಸಿಜನ್ ಕಾನ್ಸನ್‌ಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ) ನಡೆಯಲೇಬೇಕಾದ್ದರಿಂದ 7.5 ಕೆವಿಎ (ಜನರೇಟರ್‌ನ ಸಾಮರ್ಥ್ಯದ ಅಳತೆ) ಸಿಂಗಲ್ ಫೇಸ್ ಡೀಸೆಲ್ ಜನರೇಟರ್ ಹಾಕಿಸಿದ್ದೇವೆ. ಜನರೇಟರ್ ನಡೆಯುವಾಗ ಚೇಂಜ್‌ಓವರ್‌ನಲ್ಲಿ (ಮನೆಯನ್ನು ಬೆಸ್ಕಾಂ ಲೈನ್‌ನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್) ಮೂರು ಫೇಸ್‌ಗಳೂ ಒಂದಾಗುತ್ತವೆ. ಕಳೆದ ಭಾನುವಾರ ಬೆಳಿಗ್ಗೆ ಎರಡು ಗೀಸರ್, ತಾಯಿಯವರ ಕೋಣೆಯ ಎ.ಸಿ. ಎಲ್ಲವೂ ನಡೆಯುತ್ತಿದ್ದಾಗ ಮನೆಯವರು ಸಂಪಿನ ಮೋಟಾರ್ ಹಾಕಿದರು. ದೀಪಗಳು ಮಂಕಾದವು, ಎಂಜಿನ್ ಏದುಸಿರು ಬಿಟ್ಟಂತೆ ಸದ್ದು ಮಾಡಿತು, ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಇಳಿಯುವ ಸ್ವಿಚ್) ಟ್ರಿಪ್ ಆಯಿತು, ಮರುಕ್ಷಣವೇ ಕಾನ್ಸನ್‌ಟ್ರೇಟರಿನ ಅಲಾರಂ ಕೂಗತೊಡಗಿತು. ಎಲೆಕ್ಟ್ರಿಷಿಯನ್ 15 ಕೆವಿಎ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಬೇರೆ ದಾರಿ ಇದೆಯೇ?

ಉತ್ತರ (ವಿದ್ಯುತ್ ಗುತ್ತಿಗೆದಾರ, ರಾಜಾಜಿನಗರ):
ದೊಡ್ಡ ಜನರೇಟರ್ ಬೇಡ, ಸರ್. ಮೊದಲು ಲೆಕ್ಕ ನೋಡೋಣ. 230 ವೋಲ್ಟ್‌ನಲ್ಲಿ 7.5 ಕೆವಿಎ ಎಂದರೆ ಸುಮಾರು 32 ಆಂಪ್ಸ್. 2 ಕಿಲೋವ್ಯಾಟ್ ಗೀಸರ್ ಒಂದಕ್ಕೆ ಎಂಟೂವರೆಗಿಂತ ಸ್ವಲ್ಪ ಹೆಚ್ಚು, ಎರಡಕ್ಕೆ 17, ಎ.ಸಿ.ಗೆ 7, ಫ್ರಿಜ್, ದೀಪ, ಫ್ಯಾನ್, ಕಾನ್ಸನ್‌ಟ್ರೇಟರ್ ಸೇರಿ 5 ಎಂದಿಟ್ಟುಕೊಂಡರೆ ಮೋಟಾರ್ ಹಾಕುವ ಮೊದಲೇ 29 ಆಂಪ್ಸ್ ಆಗಿಬಿಟ್ಟಿದೆ. 1 ಎಚ್‌ಪಿ ಮೋಟಾರ್ ಓಡುವಾಗ 6 ಆಂಪ್ಸ್ ತೆಗೆದುಕೊಂಡರೂ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ನಿಮ್ಮ ಜನರೇಟರ್ ಸೋತದ್ದು ಅಲ್ಲೇ.

ಗೀಸರ್‌ಗಳಿಗೆ ಒಂದು ಕಾಂಟ್ಯಾಕ್ಟರ್ (ಕಾಯಿಲ್‌ಗೆ ಕರೆಂಟ್ ಇರುವಷ್ಟು ಹೊತ್ತು ಮಾತ್ರ ಸೇರಿಕೊಂಡಿರುವ ಸ್ವಿಚ್) ಮೂಲಕ ಸಪ್ಲೈ ಕೊಡಿಸಿ. ಅದರ ಕಾಯಿಲ್‌ಗೆ ಚೇಂಜ್‌ಓವರ್‌ಗಿಂತ ಮೊದಲು, ಅಂದರೆ ಬೆಸ್ಕಾಂ ಕಡೆಯಿಂದ, ಪುಟ್ಟ ಎಂಸಿಬಿ ಹಾಕಿ ಸಪ್ಲೈ ತೆಗೆಯಲಿ. ಲೈನ್ ಹೋದ ಕೂಡಲೇ ಗೀಸರ್ ತಾನಾಗಿ ಕಳಚಿಕೊಳ್ಳುತ್ತದೆ, ಲೈನ್ ಬಂದರೆ ತಾನಾಗಿ ಸೇರಿಕೊಳ್ಳುತ್ತದೆ, ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಆದರೆ ಕಾಯಿಲ್‌ನ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಕೂಡ ಬೆಸ್ಕಾಂ ಕಡೆಯದ್ದೇ ಆಗಿರಬೇಕು. ಮನೆಯೊಳಗಿನ ನ್ಯೂಟ್ರಲ್‌ಗೆ ಸಿಕ್ಕಿಸಿದರೆ ನ್ಯೂಟ್ರಲನ್ನೂ ಬೇರ್ಪಡಿಸುವ ನಾಲ್ಕು ಪೋಲಿನ ಚೇಂಜ್‌ಓವರ್ ಹಾಕಿಸಿದ್ದರೂ ವ್ಯರ್ಥ. ಎ.ಸಿ.ಗೆ ಇನ್ನೊಂದು ಕಾಂಟ್ಯಾಕ್ಟರ್ ಇಟ್ಟು, ಮೋಟಾರ್ ನಡೆಯುವಷ್ಟು ಹೊತ್ತು ಅದು ಬಿಟ್ಟಿರುವಂತೆ ಇಂಟರ್‌ಲಾಕ್ ಮಾಡಿಸಿ. ಮೋಟಾರ್ ನಿಂತ ಮೇಲೆ ಐದು ನಿಮಿಷ ತಡೆದು ಎ.ಸಿ. ಮರಳುವಂತೆ ಟೈಮರ್ ಇದ್ದರೆ ಕಂಪ್ರೆಸರ್ ಉಳಿಯುತ್ತದೆ.

15 ಕೆವಿಎ ಯಂತ್ರವನ್ನು ರಾತ್ರಿಯೆಲ್ಲ ಒಂದು ಕಿಲೋವ್ಯಾಟ್ ಲೋಡಿಗೆ ಓಡಿಸಿದರೆ ಡೀಸೆಲ್ ಸರಿಯಾಗಿ ಉರಿಯದೆ ಸೈಲೆನ್ಸರ್‌ನಲ್ಲಿ ಎಣ್ಣೆಮಸಿ ಕಟ್ಟಿಕೊಳ್ಳುತ್ತದೆ. ಈ ಮಾತನ್ನು ಮಾರುವವರು ಹೇಳದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಉತ್ತರ (ನಿವೃತ್ತ ಎಂಜಿನಿಯರ್, ಮಲ್ಲೇಶ್ವರ):
ಮೇಲಿನ ಸಲಹೆ ಸರಿಯಾಗಿದೆ. ಮೂರು ಫೇಸ್‌ಗಳನ್ನು ಒಂದುಗೂಡಿಸಿರುವ ಬಗ್ಗೆ ಮಾತ್ರ ಇನ್ನೆರಡು ಮಾತು ಹೇಳಬೇಕು. ಬೆಸ್ಕಾಂ ಲೈನ್‌ನಲ್ಲಿ ಮೂರು ಫೇಸ್‌ಗಳ ಕರೆಂಟ್ ನ್ಯೂಟ್ರಲ್‌ನಲ್ಲಿ ಬಹುಮಟ್ಟಿಗೆ ಒಂದನ್ನೊಂದು ಕಳೆದುಕೊಳ್ಳುತ್ತದೆ. ಸಿಂಗಲ್ ಫೇಸ್ ಜನರೇಟರ್‌ನಲ್ಲಿ ಹಾಗಾಗದೆ ಎಲ್ಲವೂ ಕೂಡಿಕೊಂಡು ಅದೇ ಒಂದು ತಂತಿಯಲ್ಲಿ ಮರಳುತ್ತದೆ. ಆದ್ದರಿಂದ ಆ ನ್ಯೂಟ್ರಲ್ 32 ಆಂಪ್ಸ್ ತಾಳುವಷ್ಟು ದಪ್ಪವಿದೆಯೇ, ಅದರ ಸ್ಕ್ರೂ ಬಿಗಿಯಾಗಿದೆಯೇ ಎಂದು ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ತೆರೆಸಿ ನೋಡಿಸಿ. ನಮ್ಮ ಬೀದಿಯ ಒಂದು ಮನೆಯಲ್ಲಿ ನ್ಯೂಟ್ರಲ್ ಲಿಂಕ್‌ನ ಬಳಿ ತಂತಿಯ ಹೊದಿಕೆ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗಿ ಉದುರುವ ಸ್ಥಿತಿಗೆ ಬಂದದ್ದನ್ನು ನಾನೇ ಕಂಡಿದ್ದೇನೆ.

ತ್ರೀ ಫೇಸ್ ಬೋರ್‌ವೆಲ್ ಮೋಟಾರ್ ಇದ್ದರೆ ಅದನ್ನು ಜನರೇಟರ್‌ನಿಂದ ಪೂರ್ತಿ ಬೇರ್ಪಡಿಸಿ. ಮೂರು ತಂತಿಗಳಲ್ಲೂ ಒಂದೇ ಫೇಸ್ ಬಂದಾಗ ಅದು ತಿರುಗುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ನಿನ್ನೆ ಕೆಲಸ ಮುಗಿಯಿತು. ಮೇನ್ ಸ್ವಿಚ್ ಇಳಿಸಿದೊಡನೆ ಕಾಂಟ್ಯಾಕ್ಟರ್ ಟಕ್ಕೆಂದು ಬಿಟ್ಟಿತು. ಜನರೇಟರ್ ಮೇಲೆ ಎ.ಸಿ. ನಡೆಯುತ್ತಿರುವಾಗ ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಸಾಧನ) 11.6 ಆಂಪ್ಸ್ ತೋರಿಸುತ್ತಿತ್ತು, ಮೋಟಾರ್ ಹಾಕಿದಾಗ ಎ.ಸಿ. ಕಳಚಿಕೊಂಡು, ಅಂಕಿ ಒಮ್ಮೆ ಮೇಲಕ್ಕೆ ಜಿಗಿದು 10.4ಕ್ಕೆ ನಿಂತಿತು. ದೀಪಗಳು ಒಂದು ಕ್ಷಣ ಮಿನುಗಿದವು, ಅಷ್ಟೇ. ಬೋರ್‌ವೆಲ್ ಲೈನನ್ನೂ ಬೇರ್ಪಡಿಸಿದೆವು. ಒಂದು ತೊಡಕು ಉಳಿದಿದೆ: ಕಾನ್ಸನ್‌ಟ್ರೇಟರ್‌ಗಾಗಿ ಇಟ್ಟ ಯುಪಿಎಸ್, ಜನರೇಟರ್ ನಡೆಯುತ್ತಿದ್ದರೂ ಬ್ಯಾಟರಿಯಲ್ಲೇ ಓಡುತ್ತಿದೆ.

ಉತ್ತರ (ವಿದ್ಯುತ್ ಗುತ್ತಿಗೆದಾರ, ರಾಜಾಜಿನಗರ):
ಯುಪಿಎಸ್ ಹಿಂಬದಿಯಲ್ಲಿ ಮೋಡ್ ಸ್ವಿಚ್ ಇದೆಯೇ ನೋಡಿ. ಕಿರಿದಾದ ಶ್ರೇಣಿಯ ಮೋಡ್‌ನಲ್ಲಿ ಜನರೇಟರ್‌ನ ವೋಲ್ಟೇಜ್, ಫ್ರೀಕ್ವೆನ್ಸಿ ಸ್ವಲ್ಪ ಏರುಪೇರಾದರೂ ಯುಪಿಎಸ್ ಅದನ್ನು ಒಪ್ಪುವುದಿಲ್ಲ. ಅಗಲ ಶ್ರೇಣಿಗೆ ಬದಲಿಸಿದರೆ ಒಪ್ಪುತ್ತದೆ. ಬದಲಿಸುವ ಮೊದಲು ಜನರೇಟರ್ 50 ಹರ್ಟ್ಸ್ ಆಸುಪಾಸಿನಲ್ಲೇ ಇದೆಯೇ ಎಂದು ಅಳೆಯಿಸಿ, ಹೆಚ್ಚು ವ್ಯತ್ಯಾಸವಿದ್ದರೆ ಎಂಜಿನ್ ವೇಗ ಕಾಯುವ ಗವರ್ನರ್ ಸರಿಪಡಿಸಬೇಕಾಗುತ್ತದೆ. ಬದಲಿಸಿದ ಮೇಲೆ ತಾಯಿಯವರು ಯಂತ್ರ ಬಳಸದ ಹೊತ್ತಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿ.