ಫಿಲ್ಮೋರ್ ಈಸ್ಟ್ 1971: ಆಲ್ಮನ್ ಬ್ರದರ್ಸ್ ನುಡಿಸಿದ್ದರಲ್ಲಿ ನಿಮ್ಮ ಓಟು ಯಾವುದಕ್ಕೆ?

ತಂತಿಪ್ರಿಯ

1971ರ ಮಾರ್ಚ್ 12 ಮತ್ತು 13. ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಅನ್ನುವ ಸಭಾಂಗಣ. ಅಮೆರಿಕದ ರಾಕ್ ತಂಡ ಆಲ್ಮನ್ ಬ್ರದರ್ಸ್ ಬ್ಯಾಂಡ್ ಆ ಎರಡು ರಾತ್ರಿ ನುಡಿಸಿದ್ದನ್ನು ರೆಕಾರ್ಡ್ ಮಾಡಿ, ಅದರಲ್ಲಿ ಏಳು ಹಾಡು ಆರಿಸಿ, ಅದೇ ಜುಲೈನಲ್ಲಿ ಜೋಡಿ ಎಲ್‌ಪಿಯಾಗಿ ಹೊರತಂದರು. ಜ್ಯಾಮ್ ಬ್ಯಾಂಡ್ ಅಂದರೆ ಏನು ಅಂತ ಯಾರು ಕೇಳಿದರೂ ನಾನು ಮೊದಲು ಕೇಳಿಸುವುದು ಇದನ್ನೇ. ಪ್ರಶ್ನೆ ಇಷ್ಟೇ: ಅಲ್ಲಿ ಅವರು ಹಾಡನ್ನು ಬಿಟ್ಟು, ಆ ಕ್ಷಣಕ್ಕೆ ತೋಚಿದಂತೆ ಬೆಳೆಸಿಕೊಂಡು ಹೋದದ್ದರಲ್ಲಿ ಯಾವುದು ಎಲ್ಲಕ್ಕಿಂತ ಮೇಲು?

ನನ್ನ ಓಟು ‘ವಿಪ್ಪಿಂಗ್ ಪೋಸ್ಟ್’ಗೆ. 1969ರ ಮೊದಲ ಆಲ್ಬಮ್ಮಿನಲ್ಲಿ ಇದು ಐದು ನಿಮಿಷ ಚಿಲ್ಲರೆ, ಇಲ್ಲಿ 23 ನಿಮಿಷ. ಬೆರಿ ಓಕ್ಲಿಯ ಬೇಸ್ ಗಿಟಾರ್ ಒಂದೇ ಶುರುವಾಗುತ್ತದಲ್ಲ, ಅದನ್ನು ಕೈಯಲ್ಲಿ ತಾಳ ಹಾಕಿ ನೋಡಿ: ತಕಿಟ ತಕಿಟ ತಕಿಟ ತಕ. ಹನ್ನೊಂದು. ಹಾಡು ಶುರುವಾದ ಕೂಡಲೇ ಆ ಕೊನೆಯ ‘ತಕ’ವೂ ‘ತಕಿಟ’ ಆಗಿ ಹನ್ನೆರಡಕ್ಕೆ ಕೂತುಕೊಳ್ಳುತ್ತದೆ. ಹನ್ನೊಂದರಲ್ಲಿ ಒಂದು ಮಾತ್ರೆ ಮೊದಲೇ ಎಳೆದ ಹಾಗೆ ಆಗುತ್ತದೆ, ಅದರಿಂದಲೇ ಆ ತಳಮಳ. ಮೊದಲು ಗಿಟಾರಿಸ್ಟ್ ಡ್ವೇನ್ ಆಲ್ಮನ್ ಸೋಲೋ, ಆಮೇಲೆ ಇನ್ನೊಬ್ಬ ಗಿಟಾರಿಸ್ಟ್ ಡಿಕಿ ಬೆಟ್ಸ್. ಅದಾದ ಮೇಲೆ ಲಯವೇ ಕರಗಿ, ಇಡೀ ಬ್ಯಾಂಡ್ ದಾರಿ ಹುಡುಕಿಕೊಂಡು ಹೋಗುವ ಭಾಗ ಇದೆಯಲ್ಲ, ಅಲ್ಲಿ ಯಾರೂ ಯಾರನ್ನೂ ಅವಸರ ಮಾಡುವುದಿಲ್ಲ. ಅದಕ್ಕೇ ನನ್ನ ಓಟು.

ರಾಗಮಾಲಿಕೆ

ತಾಳದ ಲೆಕ್ಕ ಚೆನ್ನಾಗಿದೆ ಸರ್, ಆದರೆ ನಾನು ‘ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್’ ಕಡೆ. 13 ನಿಮಿಷದ ಟ್ರ್ಯಾಕ್. ಹಾಡುಗಾರಿಕೆಯೇ ಇಲ್ಲ, ಬರೀ ವಾದ್ಯ. ಮೇಕನ್ ಊರಿನ ರೋಸ್ ಹಿಲ್ ಸ್ಮಶಾನದ ಒಂದು ಸಮಾಧಿ ಕಲ್ಲಿನ ಮೇಲಿದ್ದ ಹೆಸರನ್ನು ಡಿಕಿ ಬೆಟ್ಸ್ ತಮ್ಮ ಕೃತಿಗೆ ಇಟ್ಟರು. ಶುರುವಿನಲ್ಲಿ ಅವರು ತಂತಿ ಮೀಟಿದ ಸದ್ದು ಕೇಳದ ಹಾಗೆ ವಾಲ್ಯೂಮ್ ಗುಂಡಿಯನ್ನು ತಿರುಗಿಸುತ್ತಾ ಸ್ವರ ಎತ್ತುತ್ತಾರೆ. ಪಿಟೀಲಿನ ಕಮಾನು ಎಳೆದ ಹಾಗೇ ಕೇಳುತ್ತದೆ.

ಸೋಲೋಗಳ ಕೆಳಗೆ ಇರುವ ಸ್ವರಗಳನ್ನು ಹಾರ್ಮೋನಿಯಂ ಮೇಲೆ ಹಿಡಿದು ನೋಡಿದರೆ ಹೆಚ್ಚುಕಮ್ಮಿ ನಮ್ಮ ಖರಹರಪ್ರಿಯದ ಸ್ವರಗಳೇ. ಪಾಶ್ಚಾತ್ಯ ಸಂಗೀತದಲ್ಲಿ ಡೋರಿಯನ್ ಅಂತಾರಲ್ಲ, ಆ ಸ್ವರಶ್ರೇಣಿ. ಡ್ವೇನ್ ಸೋಲೋ ಕೇಳಿ: ಮೊದಲು ಎರಡು ಮೂರು ಸ್ವರ ಹಿಡಿದುಕೊಂಡು ಅಲ್ಲೇ ಸುತ್ತುತ್ತಾರೆ, ನಿಧಾನವಾಗಿ ಮೇಲಿನ ಸ್ಥಾಯಿಗೆ ಹೋಗುತ್ತಾರೆ. ನಾವು ಚೌಡಯ್ಯ ಹಾಲ್‌ನಲ್ಲಿ ಕೂತು ಮನೋಧರ್ಮ ಅಂತ ತಲೆದೂಗುವುದು ಇದಕ್ಕೇ ಅಲ್ವಾ?

ಬಸವನಗುಡಿ ಬೇಸ್

ಮೇಡಂ, ಇಲ್ಲಿ ಸ್ವಲ್ಪ ತಡೆಯಿರಿ. ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ. ಗಮಕ ಎಲ್ಲಿ? ಖರಹರಪ್ರಿಯದ ಗಾಂಧಾರ ಹೇಗೆ ಅಲ್ಲಾಡಬೇಕು ಅನ್ನುವುದಕ್ಕೇ ಒಂದು ದಾರಿ ಇದೆ. ಇವರು ಬಂದದ್ದು ಬೇರೆ ದಾರಿಯಲ್ಲಿ. ಬ್ಯಾಂಡಿನ ಇಬ್ಬರು ಡ್ರಮ್ಮರ್‌ಗಳಲ್ಲಿ ಒಬ್ಬರಾದ ಜೇಮೋ ಉಳಿದವರಿಗೆ ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್ ಅವರ ಜಾಝ್ ರೆಕಾರ್ಡುಗಳ ಹುಚ್ಚು ಹಿಡಿಸಿದರು. ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಮೇಲೆ ತುಂಬಾ ಹೊತ್ತು ನಿಂತು ಸ್ವರಗಳನ್ನು ಬಿಡಿಸುವ ಧೈರ್ಯ ಅಲ್ಲಿಂದ ಬಂದದ್ದು. ಅದನ್ನು ಹಾಗೇ ನೋಡೋಣ. ನಮ್ಮದಕ್ಕೆ ಹೋಲಿಸಿದರೆ ಮಾತ್ರ ಅದು ದೊಡ್ಡದಾಗುತ್ತದೆ ಅಂತೇನೂ ಇಲ್ಲ.

ಇನ್ನು ಆ ಟ್ರ್ಯಾಕಿನಲ್ಲಿ ಗ್ರೆಗ್ ಆಲ್ಮನ್ ಆರ್ಗನ್ ಸೋಲೋ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ಡಿಕಿ ಎಬ್ಬಿಸಿದ ಬಿಸಿಯನ್ನು ಅದು ತಗ್ಗಿಸದೇ ಇದ್ದಿದ್ದರೆ ಡ್ವೇನ್‌ಗೆ ಕೆಳಗಿನಿಂದ ಮತ್ತೆ ಶುರು ಮಾಡಲು ಜಾಗವೇ ಇರುತ್ತಿರಲಿಲ್ಲ.

ನಡುರಾತ್ರಿ ರೇಡಿಯೋ

ಎಲ್ಲರೂ ‘ಯು ಡೋಂಟ್ ಲವ್ ಮಿ’ ಮರೆತಿದ್ದೀರಿ! 19 ನಿಮಿಷ. ಹಳೇ ಬ್ಲೂಸ್ ಹಾಡು, ಮೊದಲ ಕೆಲವು ನಿಮಿಷ ಎಲ್ಲರೂ ಸೇರಿ ಕುಣಿಸುತ್ತಾರೆ. ಆಮೇಲೆ ಬ್ಯಾಂಡ್ ನಿಂತೇಬಿಡುತ್ತದೆ. ಡ್ರಮ್ ಇಲ್ಲ, ಬೇಸ್ ಇಲ್ಲ. ಡ್ವೇನ್ ಒಬ್ಬರೇ. ಒಂದು ಸಾಲು ನುಡಿಸಿ ಬಿಡುತ್ತಾರೆ, ಸುಮ್ಮನಾಗುತ್ತಾರೆ, ಇನ್ನೊಂದು ಸಾಲು. ಆ ನಡುವೆ ಸಭೆಯಿಂದ ಯಾರೋ ರಾತ್ರಿಯಿಡೀ ನುಡಿಸಿ ಅಂತ ಕೂಗುವುದು ರೆಕಾರ್ಡಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಬೆನ್ನಿಗೆ ತಾಳ ಇದ್ದಾಗ ಯಾರು ಬೇಕಾದರೂ ಹತ್ತು ನಿಮಿಷ ತಳ್ಳಬಹುದು. ಏನೂ ಇಲ್ಲದಾಗ, ಸುಮಾರು ಎರಡೂವರೆ ಸಾವಿರ ಜನರ ಮುಂದೆ, ಮುಂದಿನ ಸ್ವರ ಯಾವುದು ಅಂತ ಯೋಚಿಸಲು ಟೈಮ್ ತಗೊಳ್ಳುವುದು ನನಗೆ ದೊಡ್ಡದು. ಆಗ ಆತನಿಗೆ ವಯಸ್ಸು ಬರೀ 24.

ಹಳೇ ಕ್ಯಾಸೆಟ್

ಓಟು ಹಾಕುವ ಮೊದಲು ಯಾವ ರೂಪ ಕೇಳುತ್ತಿದ್ದೀರಿ ಅಂತಲೂ ಹೇಳಿ. 1971ರ ಆಲ್ಬಮ್ ಅಂದರೆ ನಿರ್ಮಾಪಕ ಟಾಮ್ ಡೌಡ್ ಆರಿಸಿ ಜೋಡಿಸಿದ್ದು. ‘ಸ್ಟಾರ್ಮಿ ಮಂಡೇ’ಯಲ್ಲಿ ಹಾರ್ಮೋನಿಕಾ ಸೋಲೋ ಇತ್ತು, ಆಲ್ಬಮ್‌ಗೆ ಹೋಗುವಾಗ ಅದನ್ನು ಕತ್ತರಿಸಿದರು. ಮೊದಲ ದಿನ ಸ್ಯಾಕ್ಸಫೋನ್ ನುಡಿಸುವವರನ್ನೂ ವೇದಿಕೆಗೆ ಕರೆದಿದ್ದರು, ಡೌಡ್ ಅದನ್ನು ಕೇಳಿ ತಲೆ ಕೆಡಿಸಿಕೊಂಡು ಅವರನ್ನು ಬಿಡಿಸಿದರು. ರಾತ್ರಿ ಶೋ ಮುಗಿದ ಮೇಲೆ ಬ್ಯಾಂಡಿನವರೂ ಡೌಡ್ ಜೊತೆ ಸ್ಟುಡಿಯೋಗೆ ಹೋಗಿ ಟೇಪ್ ಕೇಳಿ, ಇದು ಬಂತು, ಇದು ಬರಲಿಲ್ಲ, ನಾಳೆ ಮತ್ತೆ ನುಡಿಸೋಣ ಅಂತ ತೀರ್ಮಾನ ಮಾಡುತ್ತಿದ್ದರು.

2014ರಲ್ಲಿ ಬಂದ ಆರು ಸಿಡಿಯ ಪೆಟ್ಟಿಗೆಯಲ್ಲಿ ಮಾರ್ಚ್‌ನ ನಾಲ್ಕೂ ಶೋ ಇವೆ, ಫಿಲ್ಮೋರ್ ಈಸ್ಟ್ ಮುಚ್ಚುವಾಗ ಜೂನ್ 27ರಂದು ನುಡಿಸಿದ ಕೊನೆಯ ಕಛೇರಿಯೂ ಇದೆ. ಒಂದೇ ಹಾಡನ್ನು ಬೇರೆ ಬೇರೆ ಶೋಗಳಲ್ಲಿ ಹಿಡಿದು ಪಕ್ಕಪಕ್ಕ ಕೇಳಿ. ಚೌಕಟ್ಟು ಅದೇ, ಸೋಲೋ ಹೋಗುವ ದಾರಿ ಬೇರೆ. ಬಾಯಿಪಾಠ ಮಾಡಿದ್ದು ಎಷ್ಟು, ಆಗಲೇ ಹುಟ್ಟಿದ್ದು ಎಷ್ಟು ಅಂತ ಗೊತ್ತಾಗುವುದು ಆಗ. ಒಂದೇ ಟೇಕ್ ಕೇಳಿ ‘ಮನೋಧರ್ಮ’ ಅಂದುಬಿಡುವುದು ನನಗೆ ಸರಿ ಕಾಣುವುದಿಲ್ಲ.

ರಾಗಮಾಲಿಕೆ

@ಹಳೇ ಕ್ಯಾಸೆಟ್ ಒಪ್ಪಿದೆ ಸರ್. ಆದರೆ ನಿಮ್ಮ ಮಾತೇ ನನ್ನ ಓಟಿಗೆ ಬಲ ಕೊಡುತ್ತದೆ. ಎಲಿಜಬೆತ್ ರೀಡ್ ಸ್ಯಾಕ್ಸಫೋನ್ ಜೊತೆಗೂ ಇದೆ, ಇಲ್ಲದೆಯೂ ಇದೆ. ಎರಡನ್ನೂ ಕೇಳಿದರೆ ಆಲ್ಬಮ್ಮಿನ ರೂಪದಲ್ಲಿ ಎಷ್ಟು ಗಾಳಿ ಆಡುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ. @ಬಸವನಗುಡಿ ಬೇಸ್ ರಾಗ ಅಂತ ನಾನು ಹೇಳಲಿಲ್ಲ, ಸ್ವರಗಳು ಅಂದೆ. ಬೆಳೆಸುವ ಕ್ರಮ ಹತ್ತಿರದ್ದು ಅನ್ನುವುದನ್ನು ಮಾತ್ರ ನಾನು ಬಿಡುವುದಿಲ್ಲ.

ಮಲೆನಾಡ್ ಮಾಣಿ

ನನಗೆ ಇವೆಲ್ಲ ಜಾಸ್ತಿ ಉದ್ದ ಅನ್ನಿಸುತ್ತದೆ, ನೇರವಾಗಿ ಹೇಳುತ್ತೇನೆ. ‘ಮೌಂಟನ್ ಜ್ಯಾಮ್’ 33 ನಿಮಿಷ! ಎಲ್‌ಪಿಯ ಒಂದು ಬದಿಗೆ ಹಿಡಿಸದೆ ಮುಂದಿನ ಆಲ್ಬಮ್ ‘ಈಟ್ ಎ ಪೀಚ್’ನಲ್ಲಿ ಎರಡು ಬದಿಗೆ ಹಂಚಿದರು. ಡ್ರಮ್ ಬಂದಾಗ ನಾನು ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುತ್ತೇನೆ. ನನಗೆ ‘ಹಾಟ್ ಲಾಂಟಾ’ ಸಾಕು. ಐದೇ ನಿಮಿಷ, ಹೇಳಬೇಕಾದ್ದೆಲ್ಲ ಹೇಳಿ ಮುಗಿಸುತ್ತಾರೆ.

ತಂತಿಪ್ರಿಯ

@ಮಲೆನಾಡ್ ಮಾಣಿ ಗುರು, ಡ್ರಮ್ ಭಾಗಕ್ಕೆ ಎದ್ದು ಹೋಗಬೇಡ! ಎಡಕ್ಕೊಬ್ಬರು ಬಲಕ್ಕೊಬ್ಬರು ಇದ್ದಾರೆ, ಹೆಡ್‌ಫೋನ್ ಹಾಕಿಕೊಂಡು ಕೇಳು. ಬುಚ್ ಟ್ರಕ್ಸ್ ಗಾಡಿ ಓಡಿಸುತ್ತಾರೆ, ಜೇಮೋ ಅದರ ಮೇಲೆ ಜಾಝ್ ಡ್ರಮ್ಮರ್ ಹಾಗೆ ಬಿಡಿ ಬಿಡಿ ಪೆಟ್ಟು ಹಾಕುತ್ತಾರೆ. ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದರೆ ನಿನ್ನ ದೂರು ಸರಿ ಇರುತ್ತಿತ್ತು.

ಇನ್ನೊಂದು ವಿಷಯ. ಆಲ್ಬಮ್ಮಿನಲ್ಲಿ ವಿಪ್ಪಿಂಗ್ ಪೋಸ್ಟ್ ಮುಗಿದು ಚಪ್ಪಾಳೆ ಬರುವಾಗ ಹಿಂದೆ ಟಿಂಪನಿ (ನಗಾರಿಯಂಥ ದೊಡ್ಡ ಡ್ರಮ್) ಗುಡುಗುತ್ತದೆ, ಅಷ್ಟರಲ್ಲಿ ರೆಕಾರ್ಡ್ ಮುಗಿದು ಹೋಗುತ್ತದೆ. ಆ ಟಿಂಪನಿಯೇ ಮೌಂಟನ್ ಜ್ಯಾಮ್‌ನ ಶುರು. 13ರ ಎರಡನೇ ಶೋ ಅದು, ಬಾಂಬ್ ಬೆದರಿಕೆಯಿಂದ ತಡವಾಗಿ ಶುರುವಾದದ್ದು. ಒಂದಾದ ಮೇಲೊಂದು ನಿಲ್ಲಿಸದೆ ನುಡಿಸಿದ್ದಾರೆ. ಅಂದರೆ 23, 33 ಸೇರಿ ಸುಮಾರು 56 ನಿಮಿಷದ ಒಂದೇ ಓಟ. ಮಾರಾಟದ ಅನುಕೂಲಕ್ಕೆ ಎರಡು ಆಲ್ಬಮ್ಮಿಗೆ ಒಡೆದರು ಅಷ್ಟೇ. ನನ್ನ ಓಟು ಈಗ ಆ 56 ನಿಮಿಷಕ್ಕೂ ಸೇರಿ ಅಂತ ಬರೆದುಕೊಳ್ಳಿ.

ನಡುರಾತ್ರಿ ರೇಡಿಯೋ

ಹಾಗೆ ಎರಡನ್ನು ಸೇರಿಸಿ ಓಟು ಕೇಳಿದರೆ ಮೋಸ ಆಗುತ್ತದೆ ಸರ್, ಒಂದನ್ನೇ ಆರಿಸಿ. ಮೌಂಟನ್ ಜ್ಯಾಮ್ ಕೊನೆಗೆ ಡ್ವೇನ್ ಒಬ್ಬೊಬ್ಬರ ಹೆಸರನ್ನೂ ಕೂಗಿ ಹೇಳುವುದು ನನಗೂ ಇಷ್ಟ. ಅದೇ ಅಕ್ಟೋಬರ್ 29ಕ್ಕೆ ಮೇಕನ್‌ನಲ್ಲಿ ಬೈಕ್ ಅಪಘಾತದಲ್ಲಿ ಆತ ಹೋಗಿಬಿಟ್ಟ, ಮುಂದಿನ ವರ್ಷ ಬೆರಿ ಓಕ್ಲಿ ಕೂಡ. ಹಾಗಾಗಿ ಆ ಧ್ವನಿ ಕೇಳಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆದರೆ ಆ ಸಂಕಟವನ್ನು ಸಂಗೀತದ ಅಂಕಕ್ಕೆ ಸೇರಿಸಬಾರದು.

ಬಸವನಗುಡಿ ಬೇಸ್

ಸರಿ, ನನ್ನದೂ ಹೇಳಿಬಿಡುತ್ತೇನೆ. ಬೇಸ್ ನುಡಿಸುವವನಾಗಿ ನನ್ನ ಓಟು ವಿಪ್ಪಿಂಗ್ ಪೋಸ್ಟ್‌ಗೆ, ಮೌಂಟನ್ ಜ್ಯಾಮ್ ಬಿಟ್ಟು. ಓಕ್ಲಿ ಅಲ್ಲಿ ಬರೀ ಮೂಲಸ್ವರ ಹಿಡಿದು ಕೂರುವುದಿಲ್ಲ. ಗಿಟಾರ್ ಮೇಲಕ್ಕೆ ಹೋದಾಗ ತಾನು ಕೆಳಗೆ ಬೇರೆಯದೇ ಒಂದು ಧಾಟಿ ಕಟ್ಟುತ್ತಾರೆ, ಕೆಲವು ಕಡೆ ಗಿಟಾರ್‌ನವರೇ ಅದನ್ನು ಹಿಂಬಾಲಿಸುತ್ತಾರೆ. @ಮಲೆನಾಡ್ ಮಾಣಿ, ಹೇಗೂ ಕಾಫಿ ಮಾಡುತ್ತೀರಲ್ಲ, ಈ ಸಲ ಮೊದಲೇ ಮಾಡಿಟ್ಟುಕೊಂಡು ಬೇಸ್ ಒಂದನ್ನೇ ಹಿಡಿದು 23 ನಿಮಿಷ ಕೇಳಿ. ಆಮೇಲೂ ಉದ್ದ ಅನ್ನಿಸಿದರೆ ಎಲ್ಲಿ ಕತ್ತರಿಸಬೇಕು ಅಂತ ನಿಮಿಷದ ಸಮೇತ ಬರೆಯಿರಿ. ಮಾತು ಅಲ್ಲಿಂದ ಮುಂದುವರಿಸೋಣ.