ಸಹಾಯ ಬೇಕು: ಹೆರಿಗೆ ನೋವಿನಲ್ಲಿ ಸೊಂಟ ಒತ್ತುವವರ ಕೈ ಸೋಲದಂತೆ ಏನು ಮಾಡುವುದು?

ಎಲ್ಲರಿಗೂ ನಮಸ್ಕಾರ. ಔಷಧಿಯಿಲ್ಲದೆ ಹೆರಿಗೆ ನೋವು ತಾಳುವ ವಿಧಾನಗಳ ಬಗ್ಗೆ, ಜೊತೆಗಿರುವವರಿಗಾಗಿ ಒಂದು ಪುಟದ ಕೈಪಿಡಿ ತಯಾರಾಗುತ್ತಿದೆ. ಎರಡು ಕಡೆ ಸಿಕ್ಕಿಕೊಂಡಿದೆ. ಸೂಲಗಿತ್ತಿಯರು, ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳು ದಯವಿಟ್ಟು ನೋಡಿ.

ಮೊದಲನೆಯದು ಸೊಂಟ ಒತ್ತುವುದು. ನೋವೆಲ್ಲ ಸೊಂಟಕ್ಕೇ ಇಳಿದಾಗ ಹಲವರಿಗೆ ಇದೇ ಹೆಚ್ಚು ಹಿತ. ಈಗ ಬರೆದಿರುವುದು ಹೀಗೆ: ತಾಯಿ ಮುಂದೆ ಬಾಗಿ ಮಂಚಕ್ಕೋ ಕುರ್ಚಿಯ ಬೆನ್ನಿಗೋ ಒರಗಲಿ. ಬೆನ್ನುಮೂಳೆಯ ಕೆಳತುದಿಯಲ್ಲಿ, ಎರಡು ಪಿರ್ರೆಗಳ ನಡುವಿನ ಸೀಳಿಗಿಂತ ತುಸು ಮೇಲಿರುವ ಅಗಲ ಮೂಳೆಯ ಮೇಲೆ ಅಂಗೈಯ ಬುಡ ಇಡಿ. ನೋವು ಶುರುವಾದ ಕೂಡಲೇ ಒತ್ತಿ, ಇಳಿಯುವ ತನಕ ಬಿಡಬೇಡಿ. ಒಂದೇ ಕಡೆ ಉಜ್ಜುತ್ತಿದ್ದರೆ ಚರ್ಮ ಉರಿಯುತ್ತದೆ. ಎಷ್ಟು ಜೋರು ಎಂಬುದನ್ನು ತಾಯಿಯೇ ಹೇಳಬೇಕು. ಸಾಮಾನ್ಯವಾಗಿ ಜೊತೆಗಿರುವವರು ಹೆದರಿ ಮೆಲ್ಲಗೆ ಒತ್ತುತ್ತಾರೆ.

ನೋವು 3–4 ನಿಮಿಷಕ್ಕೊಮ್ಮೆ ಬಂದರೆ ಗಂಟೆಗೆ 15–20 ಸಲ, ಪ್ರತಿ ಸಲ 45–60 ಸೆಕೆಂಡು ಒತ್ತಬೇಕು. ಮಣಿಕಟ್ಟು ಸೋಲದೆ ಇರುತ್ತದೆಯೇ? ಮೊಣಕೈ ನೇರವಾಗಿಟ್ಟು ಮೈಭಾರ ಹಾಕಿದರೆ ನಿಂತಾಗ ಸರಿಹೋಗುತ್ತದೆ. ತಾಯಿ ಮಗ್ಗುಲಾಗಿ ಮಲಗಿದಾಗ ಭಾರ ಬೀಳುವುದೇ ಇಲ್ಲ. ಆಗ ಏನು ಹೇಳಿಕೊಡುತ್ತೀರಿ? ಟೆನಿಸ್ ಚೆಂಡು ಬಳಸಿದವರಿದ್ದರೆ, ಅದು ಜಾರದಂತೆ ಹೇಗೆ ಹಿಡಿಯುವುದು?

ಎರಡನೆಯದು ಉಸಿರು. ಮೂಗಿನಿಂದ 4 ಎಣಿಸುವಷ್ಟು ಒಳಗೆ, ಬಾಯಿಂದ 6 ಎಣಿಸುವಷ್ಟು ಹೊರಗೆ ಎಂದಿದೆ. ನೋವು ಏರಿದಾಗ ಇದು ತಪ್ಪಿ ಏದುಸಿರಾಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ತುಟಿ ಬೆರಳು ಜುಮ್ಮೆನ್ನುತ್ತವೆ. ಪಕ್ಕದಲ್ಲಿ ಎಣಿಸಿದರೆ ಕೆಲವರಿಗೆ ಸಿಟ್ಟೇ ಬರುತ್ತದೆ (ಬರದೆ ಏನು!). ಅಂಥವರಿಗೆ ಉದ್ದನೆಯ ‘ಹಾ...’ ಬಿಟ್ಟು ಬೇರೆ ಯಾವುದು ಒಗ್ಗುತ್ತದೆ?

ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತುವುದು, ತಾಯಿ ಕೂರುವ ತೊಟ್ಟಿಯ ನೀರು 37.5 ಡಿಗ್ರಿ ಮೀರದಂತೆ ನೋಡುವುದು, ಇವು ಆಗಲೇ ಸೇರಿವೆ.