ಕೊನೆಯ ಹೆಂಚಿನ ಮನೆ: ಬಣ್ಣ ಆಮೇಲೆ, ಮೊದಲು ಸೂರು

(ಮಲ್ಲೇಶ್ವರದ ಒಂದು ಕ್ರಾಸಿನ ವಾಟ್ಸಾಪ್ ಗುಂಪಿನ ಮಾತುಕತೆ)

ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ನಮ್ಮ ಕ್ರಾಸಿನ ಕೊನೆಯ ಹೆಂಚಿನ ಮನೆ ವಿಷಯ. ಮೊನ್ನೆಯ ಮಳೆಗೆ ಹಿಂದಿನ ಕೋಣೆಯ ಸೂರು ಒಂದು ಮೂಲೆಯಲ್ಲಿ ಕುಸಿದಿದೆ. ಯಜಮಾನರ ಮಗಳು ಫೋನ್ ಮಾಡಿದ್ದರು. ಮಾರುವ ಮನಸ್ಸಿಲ್ಲ, ರಿಪೇರಿ ಮಾಡಿಸುವ ಶಕ್ತಿಯೂ ಇಲ್ಲ ಅಂದರು. ನಾವೇ ಸರಿಮಾಡಿಕೊಂಡು ಬಡಾವಣೆಯ ಉಪಯೋಗಕ್ಕೆ ಬಳಸುವುದಾದರೆ ಬಾಡಿಗೆ ಬೇಡವಂತೆ. ಏನಂತೀರಿ?

ಎರಡನೇ ಮಹಡಿ: ಒಳ್ಳೆಯದೇ. ಆದರೆ ಹಳೇದಕ್ಕೆ ದುಡ್ಡು ಸುರಿಯುವ ಬದಲು ಕೆಡವಿ ಹಾಲ್ ಕಟ್ಟಿದರೆ ಸುಲಭ ಅಲ್ವಾ? ಕೆಳಗೆ ಪಾರ್ಕಿಂಗ್ ಕೂಡ ಆಗುತ್ತದೆ.

ಮೂಲೆ ಮನೆ: ಪಾರ್ಕಿಂಗ್ ಬಿಟ್ಟು ನಮಗೆ ಬೇರೆ ಯೋಚನೆಯೇ ಬರುವುದಿಲ್ಲ! 1898ರ ಪ್ಲೇಗಿಗೆ ಹೆದರಿ ಪೇಟೆಯ ಜನ ಗಾಳಿ ಬೆಳಕು ಹುಡುಕಿಕೊಂಡು ಬಂದ ಮೇಲೆ ಬೆಳೆದ ಊರು ನಮ್ಮ ಮಲ್ಲೇಶ್ವರ. ಆ ಥರದ ಜಗಲಿ, ಕಿಟಕಿ ಮೇಲೆ ಮಂಕಿ ಟಾಪ್ (ಮರದ ಪಟ್ಟಿಗಳ ಚೂಪಾದ ಮುಚ್ಚಿಗೆ) ಇರುವ ಮನೆ ನಮ್ಮ ಕ್ರಾಸಿನಲ್ಲಿ ಇದೊಂದೇ ಉಳಿದಿದೆ. ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ ನೆನಪಿದೆಯಾ? ವರ್ಷಗಟ್ಟಲೆ ಹಾಗೇ ಬಿಟ್ಟರು. ಒಂದು ಭಾಗ ಬಿತ್ತು. 2017ರಲ್ಲಿ ಉಳಿದದ್ದನ್ನೂ ನೆಲಸಮ ಮಾಡಿದರು.

ಎರಡನೇ ಮಹಡಿ: ಸರಿ ಆಂಟಿ, ಸುಮ್ನೆ ಕೇಳಿದೆ. ಹಾಗಾದರೆ ಮುಂದಿನ ಗೋಡೆಗೆ ಬಣ್ಣ ಹೊಡೆಸಿ ಶುರು ಮಾಡೋಣವಾ? ಆಮೇಲೆ ಫೋಟೋ ಹಾಕಿ ಚಂದಾ ಎತ್ತಬಹುದು.

ನಿವೃತ್ತ ಇಂಜಿನಿಯರ್: ದಯವಿಟ್ಟು ಬಣ್ಣದ ಸುದ್ದಿ ಬೇಡ. ಇವತ್ತು ಬೆಳಿಗ್ಗೆ ಬೀಗದ ಕೈ ತೆಗೆದುಕೊಂಡು ಒಳಗೆ ಹೋಗಿ ನೋಡಿಬಂದೆ. ಗೋಡೆ ಇಟ್ಟಿಗೆಯದು, ಸುಣ್ಣದ ಗಾರೆ. ಗಟ್ಟಿಯಾಗೇ ಇದೆ. ಹಾಳಾಗಿರುವುದು ಎಲ್ಲಿ ಗೊತ್ತಾ? ಹಿಂದೆ ಯಾರೋ ಮೇಸ್ತ್ರಿ ಸಿಮೆಂಟ್ ಬಳಿದ ಕಡೆ. ಸುಣ್ಣದ ಗೋಡೆ ನೀರು ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಉಪ್ಪು ಉಕ್ಕಿ ಗಾರೆ ಹಪ್ಪಳದ ಹಾಗೆ ಏಳುತ್ತದೆ. ಕೈ ಇಟ್ಟರೆ ಉದುರುತ್ತಿದೆ. ಈ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಹೊಡೆದರೂ ಅದೇ ಕಥೆ. ಆ ಸಿಮೆಂಟ್ ಕೆತ್ತಿ ತೆಗೆದು, ಗೋಡೆ ಒಣಗಲು ಬಿಟ್ಟು, ಮತ್ತೆ ಸುಣ್ಣದ ಗಾರೆಯನ್ನೇ ಮಾಡಿಸಬೇಕು. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಬೇಕು, ಅವಸರ ಮಾಡಿದರೆ ಆಮೇಲೆ ಗೋಡೆ ಬಿರುಕು ಬಿಡುತ್ತದೆ. ಈ ಕೆಲಸ ಬಲ್ಲ ಗಾರೆಯವರು ಈಗ ಕಡಿಮೆ, ಹುಡುಕಬೇಕು.

ಆದರೆ ಅದಕ್ಕೂ ಮೊದಲು ಸೂರು. ಮಂಗಳೂರು ಹೆಂಚು ಒಂದಕ್ಕೊಂದು ಹಲ್ಲು ಕಚ್ಚಿ ಕೂರುತ್ತದೆ. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಇಲ್ಲಿ ಒಡೆದ ಕಡೆ ಯಾರೋ ಪ್ಲಾಸ್ಟಿಕ್ ಹೊದಿಸಿ ಕೈತೊಳೆದುಕೊಂಡಿದ್ದಾರೆ. ಕೆಳಗಿನ ರೀಪರ್‌ಗೆ, ಅಂದರೆ ಹೆಂಚು ಕೂರುವ ಮರದ ಪಟ್ಟಿಗೆ, ಗೆದ್ದಲು. ದೊಡ್ಡ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ, ಒಳಗೆ ಹೋಗಲಿಲ್ಲ. ಸಮಾಧಾನ. ಗೋಡೆ ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟಿದೆ. ಅದನ್ನು ಯಾರೂ ಎಳೆಯಬೇಡಿ, ಇಟ್ಟಿಗೆಯೂ ಜೊತೆಗೇ ಬರುತ್ತದೆ.

ಪಿಜಿ ಹುಡುಗ: ಅಂಕಲ್, ಸ್ಕ್ರೂಡ್ರೈವರ್ ಹಿಡಿದು ಬೇರೆಯವರ ಮನೆಗೆ ನುಗ್ಗಿದವರು ನೀವೇನಾ? ಸೆಕ್ಯೂರಿಟಿ ಹುಡುಕುತ್ತಿದ್ದ 😄

ವಕೀಲರು, 3ನೇ ಮನೆ: ಒಂದು ನಿಮಿಷ. ಕಾಗದ ಪತ್ರ ಏನು? 11 ತಿಂಗಳ ಅಗ್ರಿಮೆಂಟ್ ಮಾಡಿಕೊಂಡು ಲಕ್ಷಗಟ್ಟಲೆ ಹಾಕಿದರೆ, ನಾಳೆ ಮನಸ್ಸು ಬದಲಾದಾಗ ನಾವು ಹೆಂಚು ಎಣಿಸಿಕೊಂಡು ಮನೆಗೆ ಹೋಗಬೇಕಾಗುತ್ತದೆ. ಯಜಮಾನರ ಮಗಳು ಒಳ್ಳೆಯವರೇ. ಆದರೆ ಅಣ್ಣತಮ್ಮಂದಿರೂ ಇದ್ದಾರೆ. ಖಾತೆ ಯಾರ ಹೆಸರಿನಲ್ಲಿದೆ ನೋಡಿ. ಪಾಲುದಾರರೆಲ್ಲ ಸಹಿ ಹಾಕಲಿ. ಕಮ್ಮಿ ಅಂದರೂ ಹತ್ತು ಹದಿನೈದು ವರ್ಷದ ಲೀಸ್ ಆಗಲಿ. ಒಂದು ವರ್ಷ ಮೀರಿದ ಲೀಸ್ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನಮ್ಮದು ವಾಟ್ಸಾಪ್ ಗುಂಪು, ಸಹಿ ಹಾಕುವುದು ಯಾರು? ಸಂಘ ನೋಂದಾಯಿಸಲು ಏಳು ಜನ ಸಾಕು.

ಕಾರ್ಯದರ್ಶಿ: ಏಳು ಜನ ಸಿಗುವುದೇ ಕಷ್ಟ ಮೇಡಂ. ನಾನು ಒಬ್ಬ.

ಮೂಲೆ ಮನೆ: ನನ್ನ ಹೆಸರೂ ಹಾಕಿ. ಒಂದು ಮಾತು, ಅದನ್ನು ಮದುವೆ ಛತ್ರ ಮಾಡಬೇಡಿ. ಬೆಳಿಗ್ಗೆ ಪೇಪರ್ ಓದಲು, ಸಂಜೆ ಮಕ್ಕಳ ಸಂಗೀತದ ಕ್ಲಾಸಿಗೆ, ಅಷ್ಟು ಸಾಕು. ಹಿತ್ತಲಿನ ಬಾವಿ ಮುಚ್ಚಬಾರದು.

ಎರಡನೇ ಮಹಡಿ: ಮೂರನೆಯವನು ನಾನು. ಕೆಡವೋಣ ಅಂದದ್ದಕ್ಕೆ ದಂಡ ಅಂದುಕೊಳ್ಳಿ. ಟಾರ್ಪಾಲ್ ಖರ್ಚೂ ನನ್ನದೇ.

ನಿವೃತ್ತ ಇಂಜಿನಿಯರ್: ನಾನು ನಾಲ್ಕು. ಟಾರ್ಪಾಲ್ ಈ ವಾರವೇ ಬೇಕು, ಮುಂಗಾರು ಬಾಗಿಲಲ್ಲೇ ಇದೆ. ಅದು ತಾತ್ಕಾಲಿಕ ಅಷ್ಟೇ, ಹಗ್ಗ ಕಟ್ಟಿ, ಮೊಳೆ ಹೊಡೆಯಬೇಡಿ. ಉದುರಿದ ಹೆಂಚುಗಳಲ್ಲಿ ಒಡೆಯದವನ್ನು ಆರಿಸಿ ಜಗಲಿಯಲ್ಲಿ ಜೋಡಿಸೋಣ. ಅದೇ ಅಳತೆಯದು ಈಗ ಸಿಗುವುದು ಕಷ್ಟ.

ವಕೀಲರು, 3ನೇ ಮನೆ: ನಾನು ಐದು. ನಾಳೆ ಸಂಜೆ ಆಕೆಗೆ ನಾನೇ ಫೋನ್ ಮಾಡುತ್ತೇನೆ. ನಂಬರ್ ಪರ್ಸನಲ್ ಆಗಿ ಕಳಿಸಿ, ಇಲ್ಲಿ ಹಾಕಬೇಡಿ.

ಪಿಜಿ ಹುಡುಗ: ಬಾಡಿಗೆಯವರೂ ಲೆಕ್ಕಕ್ಕೆ ಬರ್ತೀವಾ? ಬಂದರೆ ಆರು. ಭಾನುವಾರ ಏಳೂವರೆಗೆ ಏಣಿ ತರುತ್ತೇನೆ. ಹಿಡಿದುಕೊಳ್ಳಲು ಒಬ್ಬರು ಬೇಕು.

ಕಾರ್ಯದರ್ಶಿ: ಏಣಿ ಹಿಡಿಯುವವರೇ ಏಳನೆಯವರು. ಯಾರು?